ಮನೆ ಸೋಲಾರ್‌ಗೆ ಯಾವ ಬಿಟ್‌ಕಾಯಿನ್ ಮಷೀನ್? ಕೆಟ್ಟರೆ ರಿಪೇರಿಯೋ, ಗುಜರಿಯೋ?

ಬಿಸಿಲು ಪುಕ್ಕಟೆ, ಅಂದಮೇಲೆ ಕರೆಂಟೂ ಪುಕ್ಕಟೆ, ಅಂದಮೇಲೆ ಬಿಟ್‌ಕಾಯಿನ್ನೂ ಪುಕ್ಕಟೆ. ಮನೆ ಮೇಲೆ ಸೋಲಾರ್ ಹಾಕಿಸಿ, ಬಿಟ್‌ಕಾಯಿನ್ ಮೈನಿಂಗ್ ಮಷೀನ್ (ಲೆಕ್ಕ ಬಿಡಿಸಿ ಈ ಡಿಜಿಟಲ್ ನಾಣ್ಯ ಗಳಿಸುವ ಕಂಪ್ಯೂಟರ್) ಕೊಳ್ಳಹೊರಟವರ ಲೆಕ್ಕ ಹೆಚ್ಚಾಗಿ ಹೀಗೇ ಓಡುತ್ತದೆ. ಮೊದಲನೆಯದು ನಿಜ. ಎರಡನೆಯದಕ್ಕೆ ಬರುವಷ್ಟರಲ್ಲೇ ಲೆಕ್ಕ ತಪ್ಪಿರುತ್ತದೆ.

ನೆಟ್ ಮೀಟರ್ ಇರುವ ಮನೆಯಲ್ಲಿ ಮಿಕ್ಕ ಕರೆಂಟ್ ಸುಮ್ನೆ ಹಾಳಾಗುವುದಿಲ್ಲ. ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂ ಯಾರೇ ಇರಲಿ, ಹೊರಗೆ ಹೋದ ಯೂನಿಟ್ಟನ್ನು ಒಳಗೆ ಬಂದ ಯೂನಿಟ್ಟಿನಿಂದ ಕಳೆಯುತ್ತಾರೆ. ಅದಕ್ಕೂ ಮಿಕ್ಕಿದ್ದಕ್ಕೆ ದುಡ್ಡು ಕೊಡುತ್ತಾರೆ. ಹಾಲನ್ನು ಡೈರಿಗೆ ಹಾಕುವುದಾ, ಮನೆಯಲ್ಲೇ ಇಟ್ಟುಕೊಂಡು ತುಪ್ಪ ಕಾಯಿಸುವುದಾ ಅನ್ನುವಂಥ ಪ್ರಶ್ನೆ ಇದು. ಹಸು ನಮ್ಮದೇ ಅಂತ ಡೈರಿ ರೇಟನ್ನು ಯಾರೂ ಮರೆಯುವುದಿಲ್ಲ, ಅಲ್ವಾ?

ಹಾಗಾಗಿ ಮಷೀನ್ ದಿನಕ್ಕೆ ಎಷ್ಟು ದುಡಿಯುತ್ತದೆ ಎಂದು ಕೇಳಬೇಡಿ. ಒಂದು ಯೂನಿಟ್ ಕರೆಂಟ್ ಹಾಕಿದರೆ ಎಷ್ಟು ರೂಪಾಯಿ ಹೊರಗೆ ಬರುತ್ತದೆ ಎಂದು ಕೇಳಿ. ಯಾವ ಮಷೀನ್ ಕೊಳ್ಳಬೇಕು, ಬ್ಯಾಟರಿ ಬೇಕಾ, ಕೆಟ್ಟ ಬೋರ್ಡಿಗೆ ದುಡ್ಡು ಹಾಕಬೇಕಾ, ಎಲ್ಲವನ್ನೂ ಈ ಒಂದು ಅಳತೆಯಲ್ಲೇ ತೂಗಬಹುದು.

ಯೂನಿಟ್ಟಿಗೆ ಎಷ್ಟು?

ಬಿಟ್‌ಕಾಯಿನ್ ವ್ಯವಹಾರಗಳು ಬ್ಲಾಕ್ ಎಂಬ ಕಟ್ಟುಗಳಲ್ಲಿ ದಾಖಲಾಗುತ್ತವೆ, ಕಟ್ಟು ಮುಗಿಸಿದ ಮಷೀನಿಗೆ ಹೊಸ ಕಾಯಿನ್ ಸಿಗುತ್ತದೆ. ಸರಾಸರಿ 10 ನಿಮಿಷಕ್ಕೆ ಒಂದು ಬ್ಲಾಕ್, ದಿನಕ್ಕೆ 144. 2024ರ ಏಪ್ರಿಲ್‌ನಿಂದ ಒಂದು ಬ್ಲಾಕಿಗೆ 3.125 ಕಾಯಿನ್. ಅಂದರೆ ಇಡೀ ಜಗತ್ತಿಗೆ ದಿನಕ್ಕೆ 450 ಕಾಯಿನ್. 2025ರಲ್ಲಿ ಜಗತ್ತಿನ ಎಲ್ಲ ಮಷೀನ್‌ಗಳ ಒಟ್ಟು ಶಕ್ತಿ 1 ಜೆಟಾಹ್ಯಾಶ್ ದಾಟಿತು. ಅದು 100 ಕೋಟಿ ಟೆರಾಹ್ಯಾಶ್. ಒಂದು ಟೆರಾಹ್ಯಾಶ್ ಅಂದರೆ ಸೆಕೆಂಡಿಗೆ ಒಂದು ಲಕ್ಷ ಕೋಟಿ ಸಲ ಲೆಕ್ಕ ಹಾಕುವ ಶಕ್ತಿ. ಒಂದು ಕಾಯಿನ್ನಿಗೆ 10 ಕೋಟಿ ಸತೋಶಿ. ಹಂಚಿ ನೋಡಿದರೆ ಒಂದು ಟೆರಾಹ್ಯಾಶ್‌ಗೆ ದಿನಕ್ಕೆ 45 ಸತೋಶಿ ಬರುತ್ತದೆ. ವ್ಯವಹಾರ ಶುಲ್ಕದಿಂದ ಬರುವ ಚಿಲ್ಲರೆಯನ್ನು ಬಿಟ್ಟಿದ್ದೇನೆ.

ಕಾಯಿನ್ ಬೆಲೆ ದಿನಾ ಏರಿಳಿಯುತ್ತದೆ. ಲೆಕ್ಕಕ್ಕೆ 80 ಲಕ್ಷ ರೂಪಾಯಿ ಎಂದು ಹಿಡಿಯೋಣ. ಆಗ ಸತೋಶಿಗೆ 8 ಪೈಸೆ, ಟೆರಾಹ್ಯಾಶ್‌ಗೆ ದಿನಕ್ಕೆ 3 ರೂಪಾಯಿ 60 ಪೈಸೆ. ನೀವು ಓದುವ ದಿನದ ಬೆಲೆ ಬೇರೆ ಇದ್ದರೆ ಕೆಳಗೆ ಮಷೀನ್ ಯೂನಿಟ್ಟಿಗೆ ಕೊಡುವ ರೂಪಾಯಿಯನ್ನು ಅದೇ ಅನುಪಾತದಲ್ಲಿ ಹಿಗ್ಗಿಸಿ ಅಥವಾ ಕುಗ್ಗಿಸಿ.

2016ರ ಆಂಟ್‌ಮೈನರ್ ಎಸ್9 ಎಂಬ ಮಷೀನ್ ಈಗಲೂ ಸೆಕೆಂಡ್‌ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಗುತ್ತದೆ. 13.5 ಟೆರಾಹ್ಯಾಶ್‌ಗೆ ಸುಮಾರು 1,320 ವ್ಯಾಟ್ ಎಳೆಯುತ್ತದೆ. ದಿನಪೂರ್ತಿ ಓಡಿದರೆ ಹೆಚ್ಚುಕಡಿಮೆ 32 ಯೂನಿಟ್ ತಿಂದು 49 ರೂಪಾಯಿ ಕೊಡುತ್ತದೆ. ಯೂನಿಟ್ಟಿಗೆ ಒಂದೂವರೆ ರೂಪಾಯಿ.

ಅದೇ ಆಂಟ್‌ಮೈನರ್ ಸಾಲಿನ ಎಸ್19ಜೆ ಪ್ರೋ 100 ಟೆರಾಹ್ಯಾಶ್‌ನದು, 3,050 ವ್ಯಾಟ್. 73 ಯೂನಿಟ್ಟಿಗೆ 360 ರೂಪಾಯಿ, ಅಂದರೆ ಯೂನಿಟ್ಟಿಗೆ 4.90. ಅದಕ್ಕೂ ಹೊಸ ಎಸ್21 ತೆಗೆದುಕೊಂಡರೆ 200 ಟೆರಾಹ್ಯಾಶ್, 3,500 ವ್ಯಾಟ್, ಯೂನಿಟ್ಟಿಗೆ 8.57. ಬಿಟ್ಯಾಕ್ಸ್ ಗಾಮಾ ಎಂಬ ಅಂಗೈ ಅಗಲದ ಓಪನ್ ಸೋರ್ಸ್ ಬೋರ್ಡ್ ಇದೆ. ಒಂದೇ ಚಿಪ್, 1.2 ಟೆರಾಹ್ಯಾಶ್, 17-18 ವ್ಯಾಟ್. ಯೂನಿಟ್ಟಿಗೆ 10 ರೂಪಾಯಿ ಕೊಡುತ್ತದೆ. ಎಲ್ಲಕ್ಕಿಂತ ಜಾಸ್ತಿ! ಆದರೆ ದಿನಕ್ಕೆ ಅರ್ಧ ಯೂನಿಟ್ಟೂ ತಿನ್ನುವುದಿಲ್ಲ, ಬರುವುದು 4 ರೂಪಾಯಿ ಚಿಲ್ಲರೆ.

ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡಿನಲ್ಲಿ ಮೈನಿಂಗ್ ಮಾಡಬಹುದಾ ಎಂದು ಕೇಳುವವರು ಇನ್ನೂ ಇದ್ದಾರೆ. ಆ ಕಾರ್ಡಿನಲ್ಲಿ ಮಾಡುತ್ತಿದ್ದ ಇಥೀರಿಯಂ ಎಂಬ ಇನ್ನೊಂದು ನಾಣ್ಯದ ಮೈನಿಂಗ್ 2022ರ ಸೆಪ್ಟೆಂಬರ್ 15ಕ್ಕೆ ನಿಂತಿತು. ಅಲ್ಲಿಗೆ ಆ ಕಥೆ ಮುಗಿಯಿತು. ಕಾರ್ಡ್ ಇದ್ದರೆ ಮಕ್ಕಳಿಗೆ ಗೇಮ್ ಆಡಲು ಕೊಡಿ.

ಇನ್ನು ತೆರಿಗೆ. ಕ್ರಿಪ್ಟೋ ಲಾಭಕ್ಕೆ 2022ರ ಏಪ್ರಿಲ್‌ನಿಂದ 30%, ಸೆಸ್ ಸೇರಿ 31.2%. ಒಂದರಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭಕ್ಕೆ ವಜಾ ಹಾಕುವಂತಿಲ್ಲ. ಮೈನಿಂಗ್‌ಗೆ ಹಾಕಿದ ಮೂಲಸೌಕರ್ಯದ ಖರ್ಚನ್ನು ಖರೀದಿ ಬೆಲೆ ಎಂದು ಪರಿಗಣಿಸುವುದಿಲ್ಲ ಎಂದು ಹಣಕಾಸು ಸಚಿವಾಲಯ 2022ರ ಮಾರ್ಚ್‌ನಲ್ಲಿ ಲೋಕಸಭೆಗೇ ಹೇಳಿದೆ. ಅಂದರೆ ಮಷೀನ್ ಬೆಲೆಯನ್ನು ಕಳೆದು ತೆರಿಗೆ ಕಟ್ಟುತ್ತೇನೆ ಅನ್ನುವ ಆಸೆ ಬೇಡ. ತೆರಿಗೆ ಕಳೆದರೆ ಎಸ್9 ಯೂನಿಟ್ಟಿಗೆ 1 ರೂಪಾಯಿ, ಎಸ್19ಜೆ ಪ್ರೋ 3.40, ಎಸ್21 5.90, ಬಿಟ್ಯಾಕ್ಸ್ 7ರ ಆಸುಪಾಸು.

ಈಗ ಈ ಕಡೆ ನೋಡಿ. ಮನೆ ಕರೆಂಟಿನ ದರ ಕರ್ನಾಟಕದಲ್ಲಿ ಯೂನಿಟ್ಟಿಗೆ 6 ರೂಪಾಯಿ ಸುತ್ತಮುತ್ತ. ಸೋಲಾರ್ ಯೂನಿಟ್ ನಿಮ್ಮ ಫ್ರಿಜ್ಜಿಗೋ ಗೀಸರಿಗೋ ಹೋದರೆ ಅಷ್ಟು ಉಳಿಯಿತು, ಅದಕ್ಕೆ ತೆರಿಗೆಯೂ ಇಲ್ಲ. ಎಸ್21 ಕೂಡ ಇದನ್ನು ಮೀರಿಸುವುದಿಲ್ಲ. ಮೈನಿಂಗ್‌ಗೆ ಕೊಡಬೇಕಾದದ್ದು ಮನೆ ಬಳಕೆ ಎಲ್ಲ ಮುಗಿದ ಮೇಲೆ ಉಳಿಯುವ ಯೂನಿಟ್ ಮಾತ್ರ. ಅದಕ್ಕೆ ಎಸ್ಕಾಂ ಕೊಡುವ ದರ ನಿಮ್ಮ ಒಪ್ಪಂದದಲ್ಲಿ ಬರೆದಿರುತ್ತದೆ, ಮನೆ ದರಕ್ಕಿಂತ ಕಡಿಮೆಯೇ ಇರುತ್ತದೆ. ಉದಾಹರಣೆಗೆ 3 ರೂಪಾಯಿ ಎಂದಿಟ್ಟುಕೊಳ್ಳಿ. ಆಗ ಎಸ್19ಜೆ ಪ್ರೋ ಸರಿಸಮ, ಎಸ್21 ಗೆಲ್ಲುತ್ತದೆ, ಎಸ್9 ಸೋಲುತ್ತದೆ.

ಎಸ್21 ಗೆದ್ದಿತಲ್ಲ, ಕೊಂಡುಬಿಡೋಣ ಅನ್ನುವ ಮೊದಲು ಇನ್ನೊಂದು ಗುಣಾಕಾರ ಮಾಡಿ. ನಮ್ಮಲ್ಲಿ 1 ಕಿಲೋವ್ಯಾಟ್ ಪ್ಯಾನಲ್ ಸರಾಸರಿ ದಿನಕ್ಕೆ 4 ಯೂನಿಟ್ ಕೊಡುತ್ತದೆ. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 78,000 ರೂಪಾಯಿ ಸಬ್ಸಿಡಿ ಸಿಗುವುದು 3 ಕಿಲೋವ್ಯಾಟ್‌ಗೆ, ಅದಕ್ಕಿಂತ ದೊಡ್ಡದು ಹಾಕಿದರೂ ಸಬ್ಸಿಡಿ ಅಷ್ಟೇ. ಹಾಗಾಗಿ 3 ಕಿಲೋವ್ಯಾಟ್ ಹಾಕಿಸುವವರು ಜಾಸ್ತಿ. ಅದರ 12 ಯೂನಿಟ್ ಅಷ್ಟನ್ನೂ ಎಸ್21ಗೇ ಸುರಿದರೂ ಎಸ್ಕಾಂಗೆ ಮಾರುವುದಕ್ಕಿಂತ ಬರುವ ಹೆಚ್ಚುವರಿ ದಿನಕ್ಕೆ 35 ರೂಪಾಯಿ. ವರ್ಷಕ್ಕೆ 13,000 ಕೂಡ ಮುಟ್ಟುವುದಿಲ್ಲ. ಮಷೀನ್ ಎರಡು ಲಕ್ಷಕ್ಕೆ ಸಿಕ್ಕಿತು ಎಂದೇ ಹಿಡಿಯಿರಿ. ಹಾಕಿದ ದುಡ್ಡು ಬರಲು 15 ವರ್ಷ ಬೇಕು. ಅಷ್ಟರಲ್ಲಿ 2028ರಲ್ಲಿ ಬ್ಲಾಕಿನ ಕಾಯಿನ್ ಮತ್ತೆ ಅರ್ಧವಾಗುತ್ತದೆ. ಜೊತೆಗೆ 2,016 ಬ್ಲಾಕಿಗೊಮ್ಮೆ, ಅಂದರೆ ಸುಮಾರು ಎರಡು ವಾರಕ್ಕೊಮ್ಮೆ, ಬ್ಲಾಕ್ ಗಳಿಸುವ ಕಷ್ಟದ ಮಟ್ಟ ಬದಲಾಗುತ್ತಲೇ ಇರುತ್ತದೆ.

ಹೊಸ ದೊಡ್ಡ ಮಷೀನ್ ದಿನವಿಡೀ ಓಡಬೇಕು, ಆಗಲೇ ಅದಕ್ಕೆ ಹಾಕಿದ ದುಡ್ಡಿಗೆ ಅರ್ಥ. ದಿನಕ್ಕೆ ನಾಲ್ಕು ಗಂಟೆ ಬಿಸಿಲಿಗೆ ಕಾಯುವ ಮನೆಗೆ ಅದು ಹೊಂದುವುದಿಲ್ಲ. ಮನೆ ಸೋಲಾರ್‌ಗೆ ಬೇಕಾದದ್ದು ಅಗ್ಗದ ಮಷೀನ್, ಆದರೆ ಯೂನಿಟ್ಟಿಗೆ ಕೊಡುವುದು ತೀರಾ ಕಡಿಮೆ ಇರಬಾರದು.

ಹಾಗಾದರೆ ಯಾವುದು?

ನನ್ನ ಓಟು ಸೆಕೆಂಡ್‌ಹ್ಯಾಂಡ್ ಎಸ್19ಜೆ ಪ್ರೋಗೆ, ಆದರೆ ಪೂರ್ತಿ ವೇಗದಲ್ಲಿ ಅಲ್ಲ. ಬ್ರೈನ್ಸ್ ಓಎಸ್‌ನಂಥ ಫರ್ಮ್‌ವೇರ್ (ಮಷೀನನ್ನು ನಡೆಸುವ ಸಾಫ್ಟ್‌ವೇರ್) ಹಾಕಿದರೆ ಇಷ್ಟು ವ್ಯಾಟ್ ಮಾತ್ರ ಎಳೆ ಎಂದು ಹೇಳಬಹುದು. 3,050 ವ್ಯಾಟ್ ಬದಲು 1,500-2,000ಕ್ಕೆ ಇಳಿಸಿದರೆ ಒಂದು ಟೆರಾಹ್ಯಾಶ್‌ಗೆ ತಗಲುವ ಕರೆಂಟೂ ಇಳಿಯುತ್ತದೆ, 30 ವ್ಯಾಟ್‌ನಿಂದ 25ರ ಆಸುಪಾಸಿಗೆ. ಆಗ ಯೂನಿಟ್ಟಿಗೆ 4.90 ಇದ್ದದ್ದು 6 ಆಗುತ್ತದೆ. ಫ್ಯಾನಿನ ಕೂಗೂ ಕಡಿಮೆ. ಕಡಿಮೆ ಅಂದರೆ ಪಕ್ಕದ ಮನೆಯವರು ಜಗಳಕ್ಕೆ ಬರದಷ್ಟು. ಮಲಗುವ ಕೋಣೆಯಲ್ಲಿ ಇಡುವಷ್ಟಲ್ಲ.

ವೇಗ ಇಳಿಸಲು ಇನ್ನೊಂದು ಕಾರಣವಿದೆ. 3 ಕಿಲೋವ್ಯಾಟ್ ಪ್ಯಾನಲ್ ಅಂದರೆ ಮಧ್ಯಾಹ್ನ 3 ಕಿಲೋವ್ಯಾಟ್ ಬರುತ್ತದೆ ಎಂದಲ್ಲ. ಆ ಅಂಕಿ ಪ್ಯಾನಲ್ 25 ಡಿಗ್ರಿ ಇದ್ದಾಗಿನದು. ಏಪ್ರಿಲ್ ಬಿಸಿಲಲ್ಲಿ ಪ್ಯಾನಲ್ ಮೈ 60 ಡಿಗ್ರಿ ಮುಟ್ಟುತ್ತದೆ. ಡಿಗ್ರಿಗೆ 0.35%ನಂತೆ 12% ಅಲ್ಲೇ ಹೋಯಿತು. ಧೂಳು, ಕೋನ, ಇನ್ವರ್ಟರ್ ಎಲ್ಲ ತಮ್ಮ ಪಾಲು ತೆಗೆದುಕೊಂಡ ಮೇಲೆ ಎರಡು ಚಿಲ್ಲರೆ ಕಿಲೋವ್ಯಾಟ್ ಕಂಡರೆ ಒಳ್ಳೆಯ ದಿನ.

ಕಲಿಯುವ ಆಸೆ ಇದ್ದರೆ, ಕಾಲೇಜಿಗೆ ಹೋಗುವ ಮಕ್ಕಳಿದ್ದರೆ, ಬಿಟ್ಯಾಕ್ಸ್ ತೆಗೆದುಕೊಳ್ಳಿ. 5 ವೋಲ್ಟ್ ಡಿಸಿಯಲ್ಲಿ ಓಡುತ್ತದೆ, ಇನ್ವರ್ಟರೇ ಬೇಕಿಲ್ಲ. 12 ವೋಲ್ಟ್ ಬ್ಯಾಟರಿಗೆ ವೋಲ್ಟೇಜ್ ಇಳಿಸುವ ಒಂದು ಒಳ್ಳೆಯ ಬಕ್ ಕನ್ವರ್ಟರ್ ಸಾಕು, 5 ಆಂಪಿಯರ್ ಕೊಡುವಂಥದ್ದು. ಬೇರೆಯವರ ಜೊತೆ ಸೇರಿ ಪಾಲು ಹಂಚಿಕೊಳ್ಳದೆ, ಒಂಟಿಯಾಗಿ ಇಡೀ ಬ್ಲಾಕ್ ಹೊಡೆಯುವ ಕನಸು ಕಾಣುವವರು ಈ ಲೆಕ್ಕವನ್ನೂ ನೋಡಲಿ: ವರ್ಷಪೂರ್ತಿ ಓಡಿಸಿದರೆ ಅವಕಾಶ ಸುಮಾರು 16,000ದಲ್ಲಿ ಒಂದು. ಲಾಟರಿ ಎಂದೇ ತಿಳಿದು ಆಡುವವರಿಗೆ ಅಡ್ಡಿಯಿಲ್ಲ.

ಎಸ್9 ಅನ್ನು ದುಡಿಮೆಗೆ ಕೊಳ್ಳಬೇಡಿ. ಆದರೆ ಅದು 1,300 ವ್ಯಾಟ್‌ನ ಹೀಟರ್ ಎಂಬುದೂ ನಿಜ. ಶಿರಸಿ, ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ಒದ್ದಾಡುವ ಮನೆಗೆ ಬಿಸಿಗಾಳಿಯೂ ಬೇಕು. ಆ ಬಿಸಿ ಹೇಗೂ ಬೇಕಿದ್ದರೆ ಒಂದು ರೂಪಾಯಿಯಾದರೂ ವಾಪಸ್ ಬಂತು ಅನ್ನಬಹುದು. ಮೋಡ ಮುಸುಕಿದ ತಿಂಗಳಲ್ಲೇ ಸೋಲಾರ್ ಕಮ್ಮಿ ಅನ್ನುವುದು ಇದರ ತಮಾಷೆ.

ಎಸ್17, ಟಿ17 ಅಗ್ಗಕ್ಕೆ ಬಂದರೆ ಮುಟ್ಟಬೇಡಿ. ಚಿಪ್ ಮೇಲಿನ ಹೀಟ್‌ಸಿಂಕ್ ಬೆಸುಗೆ ಬಿಟ್ಟು ಕಳಚಿಕೊಳ್ಳುವುದಕ್ಕೆ ಆ ಸರಣಿ ಹೆಸರುವಾಸಿ. ಕಳಚಿದ್ದು ಬೋರ್ಡ್ ಮೇಲೆ ಬಿದ್ದು ಶಾರ್ಟ್ ಮಾಡಿದರೆ ಒಂದಕ್ಕೆ ಹತ್ತು ಚಿಪ್ ಹೋಗುತ್ತವೆ.

ಜೋಡಣೆ: ಗ್ರಿಡ್ಡೋ, ಬ್ಯಾಟರಿಯೋ?

ಇಲ್ಲಿ ಜಾಸ್ತಿ ಯೋಚಿಸುವಂಥದ್ದಿಲ್ಲ. ಆನ್‌ಗ್ರಿಡ್, ಅಂದರೆ ಎಸ್ಕಾಂ ಲೈನಿಗೆ ಸೇರಿಸಿದ ಸೋಲಾರ್, ಒಳ್ಳೆಯದು. ಮೋಡ ಬಂದಾಗ ಕೊರತೆಯನ್ನು ಗ್ರಿಡ್ ತುಂಬುತ್ತದೆ, ಮಷೀನಿಗೆ ಗೊತ್ತೇ ಆಗುವುದಿಲ್ಲ. ಕರೆಂಟ್ ಹೋದರೆ ಆನ್‌ಗ್ರಿಡ್ ಇನ್ವರ್ಟರ್ ತಾನೂ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದೆಂದು ಮಾಡಿರುವ ವ್ಯವಸ್ಥೆ ಅದು. ಮೈನಿಂಗ್ ಒಂದು ಗಂಟೆ ನಿಂತರೆ ಏನೂ ಮುಳುಗುವುದಿಲ್ಲ.

ಬ್ಯಾಟರಿಯಲ್ಲಿ ತುಂಬಿಟ್ಟು ರಾತ್ರಿ ಮೈನಿಂಗ್ ಮಾಡುವುದು ಮಾತ್ರ ಶುದ್ಧ ನಷ್ಟ. 5 ಯೂನಿಟ್‌ನ ಲಿಥಿಯಂ ಬ್ಯಾಟರಿ ಒಂದು ಲಕ್ಷಕ್ಕೆ ಬಂತು, 80% ಆಳಕ್ಕೆ 4,000 ಸಲ ಬಳಸಬಹುದು ಎಂದುಕೊಳ್ಳಿ. ಜೀವಮಾನದಲ್ಲಿ ಅದು ಕೊಡುವುದು 16,000 ಯೂನಿಟ್. ಅಂದರೆ ಇಟ್ಟು ತೆಗೆಯುವ ಬಾಡಿಗೆಯೇ ಯೂನಿಟ್ಟಿಗೆ 6 ರೂಪಾಯಿ 25 ಪೈಸೆ. ತೆರಿಗೆ ಕಳೆದ ಎಸ್21 ದುಡಿಮೆಗಿಂತ ಜಾಸ್ತಿ. ಯುಪಿಎಸ್‌ಗೆ ಇಟ್ಟ ಟ್ಯೂಬ್ಯುಲರ್ ಬ್ಯಾಟರಿಗಂತೂ ದೊಡ್ಡ ಮಷೀನ್ ತೋರಿಸಲೇಬೇಡಿ.

ಗ್ರಿಡ್ ಇಲ್ಲದ ತೋಟದ ಮನೆಯಾದರೆ ಶುದ್ಧ ಸೈನ್ ವೇವ್ ಇನ್ವರ್ಟರ್ ಕಡ್ಡಾಯ. ಸ್ಕ್ವೇರ್ ವೇವ್‌ನದು ಮಷೀನಿನ ಪವರ್ ಸಪ್ಲೈಗೆ ಆಗುವುದಿಲ್ಲ. ಎಸ್19ನ ಪವರ್ ಸಪ್ಲೈಗೆ 200ರಿಂದ 240 ವೋಲ್ಟ್ ಬೇಕು. ಪಂಪ್‌ಸೆಟ್ ಶುರುವಾದ ಕೂಡಲೇ 170ಕ್ಕೆ ಇಳಿಯುವ ಹಳ್ಳಿ ಲೈನಿನಲ್ಲಿ ಅದು ಆನ್ ಆಗುತ್ತದೆ, ಆಫ್ ಆಗುತ್ತದೆ, ಇಡೀ ದಿನ ಅದೇ ಕೆಲಸ.

ಗೃಹಜ್ಯೋತಿಯಲ್ಲಿ ಇರುವವರು ಇದನ್ನು ಎರಡು ಸಲ ಓದಿ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಇಡೀ ಬಿಲ್ ಕಟ್ಟಬೇಕು. ಪೂರ್ತಿ ವೇಗದ ಎಸ್19 ಮೂರು ದಿನ ಗ್ರಿಡ್‌ನಿಂದ ಎಳೆದರೆ 200 ದಾಟಿತು. ಮಂಜೂರಾದ ಲೋಡೂ ನೋಡಿಕೊಳ್ಳಿ. 3 ಕಿಲೋವ್ಯಾಟ್ ಹೆಚ್ಚಿಸಿದರೆ ಪ್ರತಿ ಕಿಲೋವ್ಯಾಟ್‌ಗೆ ತಿಂಗಳಿಗೆ ನೂರಕ್ಕೂ ಮೇಲೆ ಸ್ಥಿರ ಶುಲ್ಕ ಬೀಳುತ್ತದೆ. ಹೆಚ್ಚಿಸದೆ ಓಡಿಸಿದರೆ ದಂಡ.

ವೈರಿಂಗ್‌ಗೆ ಜಿಪುಣತನ ಬೇಡ. 3,050 ವ್ಯಾಟ್ ಅಂದರೆ 13 ಆಂಪಿಯರ್, ಗಂಟೆಗಟ್ಟಲೆ. ಗೀಸರ್ ಸಾಕೆಟ್ ಹತ್ತು ನಿಮಿಷಕ್ಕೆ ತಡೆದುಕೊಳ್ಳುವುದು ಬೇರೆ, ಇದು ಬೇರೆ. ಪ್ರತ್ಯೇಕ ಎಂಸಿಬಿ, 4 ಚದರ ಮಿಲಿಮೀಟರ್ ತಾಮ್ರದ ವೈರ್, ಸರಿಯಾದ ಅರ್ಥಿಂಗ್ ಹಾಕಿಸಿ.

ಕೆಟ್ಟಾಗ

ಸೋಲಾರ್‌ನಲ್ಲಿ ಓಡುವ ಮಷೀನಿಗೆ ಒಂದು ವಿಶೇಷ ಕಾಯಿಲೆ ಇದೆ. ದೊಡ್ಡ ಮೈನಿಂಗ್ ಶೆಡ್ಡಿನಲ್ಲಿ ಮಷೀನ್ ತಿಂಗಳುಗಟ್ಟಲೆ ಒಂದೇ ಬಿಸಿಯಲ್ಲಿ ಇರುತ್ತದೆ. ನಮ್ಮದು ದಿನಾ ಬೆಳಗ್ಗೆ ಕಾಯುತ್ತದೆ, ಸಂಜೆ ತಣ್ಣಗಾಗುತ್ತದೆ. ಲೋಹ ಹಿಗ್ಗಿ ಕುಗ್ಗಿ ಚಿಪ್ ಅಡಿಯ ಬೆಸುಗೆ ನಿಧಾನಕ್ಕೆ ಬಿರುಕು ಬಿಡುತ್ತದೆ. ಮಂಗಳೂರು, ಕಾರವಾರದ ಕಡೆಯಾದರೆ ರಾತ್ರಿ ತಣ್ಣಗಾದ ಬೋರ್ಡ್ ಮೇಲೆ ಉಪ್ಪುಗಾಳಿಯ ತೇವ ಕೂರುತ್ತದೆ. ಹಾಗಾಗಿ ಬೆಳಗ್ಗೆ ವೇಗ ಏರಿಸುವುದನ್ನೂ ಸಂಜೆ ಇಳಿಸುವುದನ್ನೂ ಮೆಲ್ಲಗೆ ಮಾಡಿ. ಒಮ್ಮೆಗೇ ಪೂರ್ತಿ ವೇಗಕ್ಕೆ ಏರಿಸಬೇಡಿ.

ಎಸ್19ನಲ್ಲಿ ಮೂರು ಹ್ಯಾಶ್‌ಬೋರ್ಡ್ (ಲೆಕ್ಕ ಹಾಕುವ ಚಿಪ್‌ಗಳಿರುವ ಬೋರ್ಡ್), ಒಂದು ಕಂಟ್ರೋಲ್ ಬೋರ್ಡ್, ನಾಲ್ಕು ಫ್ಯಾನ್, ಒಂದು ಪವರ್ ಸಪ್ಲೈ. ಫ್ಯಾನ್ ಹೋದರೆ ನೀವೇ ಬದಲಾಯಿಸಿ. ನಾಲ್ಕು ಪಿನ್ನಿನ 12 ವೋಲ್ಟ್ ಫ್ಯಾನ್, ವೇಗದ ರೇಟಿಂಗ್ ಹೊಂದಿದರೆ ಸಾಕು. ಫರ್ಮ್‌ವೇರ್ ಕೆಟ್ಟಿದ್ದರೆ ಹಲವು ಕಂಟ್ರೋಲ್ ಬೋರ್ಡ್‌ಗಳಿಗೆ ಎಸ್‌ಡಿ ಕಾರ್ಡ್‌ನಿಂದ ಮತ್ತೆ ಹಾಕಬಹುದು. ಪವರ್ ಸಪ್ಲೈ ಮಾತ್ರ ಬಿಚ್ಚಬೇಡಿ. ಒಳಗಿನ ಕೆಪಾಸಿಟರ್‌ನಲ್ಲಿ 400 ವೋಲ್ಟ್ ಹತ್ತಿರ ಇರುತ್ತದೆ, ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು.

ಹ್ಯಾಶ್‌ಬೋರ್ಡ್ ಕೆಟ್ಟದ್ದನ್ನು ಕಂಡುಹಿಡಿಯುವುದು ಅಂದುಕೊಂಡಷ್ಟು ಕಷ್ಟವಲ್ಲ. ಮೊದಲು ಮಷೀನಿನ ಕರ್ನಲ್ ಲಾಗ್, ಅಂದರೆ ಅದು ತನ್ನ ಸ್ಥಿತಿಗತಿ ಬರೆದಿಡುವ ದಾಖಲೆ, ತೆರೆಯಿರಿ. ಎಸ್19ಜೆ ಪ್ರೋ ಬೋರ್ಡಿನಲ್ಲಿ 126 ಚಿಪ್ ಇರುತ್ತವೆ. ಲಾಗ್‌ನಲ್ಲಿ ಒಂದು ಬೋರ್ಡಿನಲ್ಲಿ ಸಿಕ್ಕ ಚಿಪ್ 0 ಎಂದು ಬಂದರೆ ಗಾಬರಿ ಬೇಡ, ಪಟ್ಟಿ ಕೇಬಲ್ಲನ್ನು ಪಕ್ಕದ ಒಳ್ಳೆಯ ಬೋರ್ಡಿನ ಜೊತೆ ಅದಲುಬದಲು ಮಾಡಿ ನೋಡಿ. ತೊಂದರೆ ಕೇಬಲ್ ಜೊತೆ ಹೋದರೆ ಕಡಿಮೆ ಖರ್ಚಿನಲ್ಲಿ ಮುಗಿಯಿತು. ಪವರ್ ಸಪ್ಲೈನಿಂದ ಬೋರ್ಡಿಗೆ ಬರುವ ತಾಮ್ರದ ಪಟ್ಟಿಯ ಸ್ಕ್ರೂಗಳನ್ನೂ ನೋಡಿ. ಪೂರ್ತಿ ವೇಗದಲ್ಲಿ ಅಲ್ಲಿ ಒಟ್ಟು 200 ಆಂಪಿಯರ್‌ಗೂ ಮೇಲೆ ಹರಿಯುತ್ತದೆ. ಒಂದು ಸ್ಕ್ರೂ ಸಡಿಲವಾದರೂ ಸಾಕು, ಸುತ್ತ ಕಂದು ಬಣ್ಣಕ್ಕೆ ಸುಟ್ಟಿರುತ್ತದೆ.

0 ಅಲ್ಲ, 47 ಎಂದು ಬಂತು ಅನ್ನಿ. ಅದು ಒಳ್ಳೆಯ ಸುದ್ದಿ. ಸಿಗ್ನಲ್ ಒಂದು ಚಿಪ್ಪಿನಿಂದ ಮುಂದಿನದಕ್ಕೆ ಸಾಲಾಗಿ ಹೋಗುವುದರಿಂದ 47ರವರೆಗೆ ದಾರಿ ಸರಿಯಿದೆ, ಅಲ್ಲಿಗೆ ತುಂಡಾಗಿದೆ. ಚಿಪ್‌ಗಳು ಮೂರು ಮೂರರ ಗುಂಪಿನಲ್ಲಿವೆ, ಒಟ್ಟು 42 ಗುಂಪು. ನೀವು ನೋಡಬೇಕಾದದ್ದು 16ನೆಯದು. ಬೋರ್ಡಿಗೆ ಪವರ್ ಇರುವಾಗ ಮಲ್ಟಿಮೀಟರ್ ಹಿಡಿದು ಗುಂಪು ಗುಂಪಾಗಿ ಅಳೆಯುತ್ತಾ ಹೋಗಿ. ಎಲ್ಲ ಕಡೆ 0.3 ವೋಲ್ಟ್ ಚಿಲ್ಲರೆ ಒಂದೇ ಸಮ ಬರುತ್ತಿದ್ದದ್ದು ಅಲ್ಲಿ ಮಾತ್ರ ಸೊನ್ನೆಯ ಹತ್ತಿರ ಇಳಿದಿದ್ದರೆ ಆ ಗುಂಪಿನ ಒಂದು ಚಿಪ್ ಶಾರ್ಟ್ ಆಗಿದೆ. ವೋಲ್ಟೇಜ್ ಸರಿಯಿದ್ದೂ ಸಿಗ್ನಲ್ ನಿಂತಿದ್ದರೆ ಬೆಸುಗೆ ಬಿಟ್ಟಿರುವ ಸಾಧ್ಯತೆ ಜಾಸ್ತಿ.

ಇಲ್ಲಿಂದ ಮುಂದಿನದು ಮನೆ ಕೆಲಸವಲ್ಲ. ಅಡಿಯಿಂದ ಕಾಯಿಸುವ ಪ್ರೀಹೀಟರ್, ಹಾಟ್ ಏರ್ ಸ್ಟೇಷನ್, ಚೀನಾದಿಂದ ತರಿಸಿದ ಚಿಪ್ ಬೇಕು. ಕೆಲವು ಬೋರ್ಡ್‌ಗಳ ತಳ ಅಲ್ಯುಮಿನಿಯಂನದು, ಕೊಟ್ಟ ಬಿಸಿಯನ್ನೆಲ್ಲ ಹೀರಿಕೊಳ್ಳುತ್ತದೆ. ಬೆಂಗಳೂರಿನ ಎಸ್‌ಪಿ ರೋಡ್ ಸುತ್ತ ಲ್ಯಾಪ್‌ಟಾಪ್ ಚಿಪ್ ರೀಬಾಲ್ ಮಾಡುವವರಿಗೆ (ಚಿಪ್ ಅಡಿಗೆ ಹೊಸ ಬೆಸುಗೆ ಹಾಕುವವರಿಗೆ) ಕೈ ಪಳಗಿದೆ. ಆದರೆ ಹ್ಯಾಶ್‌ಬೋರ್ಡನ್ನು ಒಂಟಿಯಾಗಿ ಓಡಿಸಿ ನೋಡುವ ಟೆಸ್ಟರ್ ಇದೆಯಾ ಎಂದು ಕೇಳಿ. ಇಲ್ಲದಿದ್ದರೆ ಅವರು ಊಹೆಯ ಮೇಲೆ ಚಿಪ್ ಬದಲಾಯಿಸುತ್ತಾರೆ, ನೀವು ಬಿಲ್ ಕಟ್ಟುತ್ತೀರಿ.

ಈಗ ಮುಖ್ಯ ಪ್ರಶ್ನೆ. ಒಂದು ಬೋರ್ಡ್ ಸತ್ತಿದೆ, ಎರಡು ಓಡುತ್ತಿವೆ. ರಿಪೇರಿಗೆ ಎಷ್ಟು ಕೊಡಬಹುದು? ಶೆಡ್ಡಿನವರಿಗೆ ಆ ಬೋರ್ಡ್ ದಿನಕ್ಕೆ 120 ರೂಪಾಯಿ, ಅವರು ಓಡಿಹೋಗಿ ಮಾಡಿಸುತ್ತಾರೆ. ನಿಮ್ಮ ಮನೆಯಲ್ಲಿ ದುಡಿಮೆಗೆ ಮಿತಿ ಹಾಕಿರುವುದು ಬೋರ್ಡ್ ಅಲ್ಲ, ಬಿಸಿಲು. ಆ 12 ಯೂನಿಟ್ಟನ್ನು ಎರಡು ಬೋರ್ಡೂ ತಿಂದು ಮುಗಿಸುತ್ತವೆ. ಎರಡು ಬೋರ್ಡಿನ ಎಸ್19ಜೆ ಪ್ರೋ ಎಳೆಯುವುದು 2 ಕಿಲೋವ್ಯಾಟ್ ಸುಮಾರು, 3 ಕಿಲೋವ್ಯಾಟ್ ಪ್ಯಾನಲ್ಲಿಗೆ ಹೇಳಿ ಮಾಡಿಸಿದ ಹಾಗೆ.

ಮೂರನೆಯದನ್ನು ರಿಪೇರಿ ಮಾಡಿಸಿದರೆ ಸಿಗುವ ಲಾಭ ಒಂದೇ: ಮೂರನ್ನೂ ನಿಧಾನಕ್ಕೆ ಓಡಿಸಬಹುದು, ಯೂನಿಟ್ಟಿಗೆ 4.90 ಬದಲು 6 ಬರುತ್ತದೆ. ವ್ಯತ್ಯಾಸ 1 ರೂಪಾಯಿ 10 ಪೈಸೆ, 12 ಯೂನಿಟ್ಟಿಗೆ 13 ರೂಪಾಯಿ, ತೆರಿಗೆ ಕಳೆದು 9. ವರ್ಷಕ್ಕೆ 3,300. ರಿಪೇರಿಯವರು ಅದಕ್ಕಿಂತ ಕಡಿಮೆ ಕೇಳಿ, ಮೂರು ತಿಂಗಳಾದರೂ ಗ್ಯಾರಂಟಿ ಕೊಟ್ಟರೆ ಮಾಡಿಸಿ. 8,000 ಕೇಳಿದರೆ ಸತ್ತ ಬೋರ್ಡಿನ ಕೇಬಲ್ ಮತ್ತು ತಾಮ್ರದ ಪಟ್ಟಿ ಬಿಚ್ಚಿ, ಬೋರ್ಡನ್ನು ಹೊರಗೆ ತೆಗೆದು ಆಂಟಿಸ್ಟ್ಯಾಟಿಕ್ ಕವರಿನಲ್ಲಿ ಎತ್ತಿಡಿ. ಗಾಳಿ ಅಡ್ಡದಾರಿ ಹಿಡಿಯದಂತೆ ಖಾಲಿ ಜಾಗಕ್ಕೆ ಒಂದು ತಗಡು ಅಡ್ಡ ಹಾಕಿ. ಮುಂದೆ ಉಳಿದೆರಡರಲ್ಲಿ ಒಂದು ಚಿಪ್ ಹೋದರೆ, ಅದೇ ನಂಬರಿನ ಚಿಪ್ ಈ ಸತ್ತ ಬೋರ್ಡಿನಲ್ಲಿ ನೂರಕ್ಕೂ ಮೇಲೆ ಇರುತ್ತವೆ, ಚೀನಾದಿಂದ ತರಿಸುವ ಗೋಜಿಲ್ಲ.